ಸಮತಟ್ಟಿನಲ್ಲಿ ಓಡುವ ಹಳೇ ಕಾರು ತಾಳಬೆಟ್ಟದ ಏರಿನಲ್ಲಿ ನಿಲ್ಲುವುದೇಕೆ?

ಪ್ರಶ್ನೆ: ನಮ್ಮ ಬಂಧುಗಳು 1920ರ ದಶಕದ ದೊಡ್ಡ ವಿದೇಶಿ ಕಾರೊಂದನ್ನು ದುರಸ್ತಿ ಮಾಡಿಸಿದ್ದಾರೆ. ಟ್ರಯಲ್ ನೋಡಲು ಹೊರಟಾಗ ಕೊಳ್ಳೇಗಾಲದಿಂದ ಹನೂರಿನವರೆಗೆ ಚೆನ್ನಾಗಿಯೇ ಓಡಿತು. ತಾಳಬೆಟ್ಟ ದಾಟಿ ಮಹದೇಶ್ವರ ಬೆಟ್ಟ ಹತ್ತುವಾಗ ನಿಂತುಹೋಯಿತು. ಅರ್ಧ ಗಂಟೆ ಬಿಟ್ಟು ನೋಡಿದರೆ ತಾನಾಗಿ ಸ್ಟಾರ್ಟ್ ಆಯಿತು. ಎಂಜಿನ್ ಹೀಟ್ ಆಗಿದೆ ಅನ್ನುತ್ತಾರೆ, ಆದರೆ ರೇಡಿಯೇಟರ್ ಕುದ್ದಿರಲಿಲ್ಲ. ದೋಷ ಹುಡುಕುವುದು ಹೇಗೆ?
– ಓದುಗರು, ಹನೂರು

ಉತ್ತರ: ರೇಡಿಯೇಟರ್ ಕುದ್ದಿರಲಿಲ್ಲ ಎಂಬುದನ್ನು ನೀವು ಗಮನಿಸಿ ಬರೆದಿರುವುದು ಸಂತೋಷದ ಸಂಗತಿ. ಅರ್ಧ ಉತ್ತರ ಅದರಲ್ಲೇ ಇದೆ. ಎಂಜಿನ್ ಕಾಯುವುದು ಬೇರೆ, ಎಂಜಿನ್ನಿನ ಪಕ್ಕದ ಭಾಗಗಳು ಕಾಯುವುದು ಬೇರೆ. ಎರಡೂ ಬೆಟ್ಟ ಹತ್ತುವಾಗಲೇ ಕಾಣಿಸಿಕೊಳ್ಳುವುದರಿಂದ ಒಂದೇ ಅನಿಸುವುದು ಸಹಜ. ನೀರು ಸರಿಯಾಗಿದ್ದೂ ಕಾಯಿಲ್, ಕಂಡೆನ್ಸರ್ ಅಥವಾ ಪೆಟ್ರೋಲ್ ಪೈಪ್ ಕಾದು ಕಾರು ನಿಲ್ಲಬಹುದು.

ಇಂಥ ಕಾರುಗಳ ಬಗ್ಗೆ ಮೊದಲು ಬರುವ ಅನುಮಾನ ಆಟೋವ್ಯಾಕ್ ಮೇಲೆ. ಆ ಕಾಲದ ರೋಲ್ಸ್ ರಾಯ್ಸ್ ಸೇರಿದಂತೆ ಹಲವು ಕಾರುಗಳಲ್ಲಿ ಪೆಟ್ರೋಲ್ ಪಂಪ್ ಇರಲಿಲ್ಲ. ಎಂಜಿನ್ನಿನ ಹೀರುವ ಬಲವೇ ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಬಾನೆಟ್ಟಿನೊಳಗಿನ ಆಟೋವ್ಯಾಕ್ ಎಂಬ ಪುಟ್ಟ ಡಬ್ಬಿಗೆ ಎಳೆದುಕೊಳ್ಳುತ್ತಿತ್ತು. ಅಲ್ಲಿಂದ ಅದು ತನ್ನ ಭಾರಕ್ಕೇ ಕಾರ್ಬೊರೇಟರಿಗೆ ಇಳಿಯುತ್ತಿತ್ತು. ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಈ ಹೀರುವ ಬಲ ತೀರಾ ಕುಗ್ಗುತ್ತದೆ. ಉದ್ದನೆಯ ಏರಿನಲ್ಲಿ ಡಬ್ಬಿಗೆ ಬರುವುದಕ್ಕಿಂತ ಖರ್ಚಾಗುವುದೇ ಹೆಚ್ಚು. ಹನೂರಿನವರೆಗಿನ ರಸ್ತೆಯಲ್ಲಿ ತಲೆಯೆತ್ತದ ಈ ತೊಂದರೆ ಬೆಟ್ಟದ ಹೇರ್‌ಪಿನ್ ತಿರುವುಗಳಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ. ಕಾರು ಕೆಮ್ಮತೊಡಗಿದಾಗ ಕಾಲು ಸಡಿಲಿಸಿ ಕ್ಷಣಕಾಲ ಬಿಟ್ಟರೆ ಡಬ್ಬಿ ಮತ್ತೆ ತುಂಬುತ್ತದೆ, ಕಾರು ಚೇತರಿಸಿಕೊಳ್ಳುತ್ತದೆ.

ಆದರೆ ನಿಮ್ಮ ಕಾರಿನ ಕಥೆ ಇದಕ್ಕೆ ಹೊಂದುವುದಿಲ್ಲ. ನಿಂತ ಎಂಜಿನ್ನಿಗೆ ಹೀರುವ ಬಲವೇ ಇಲ್ಲ. ಖಾಲಿಯಾದ ಡಬ್ಬಿ ಅರ್ಧ ಗಂಟೆ ಸುಮ್ಮನೆ ಕಾದ ಮಾತ್ರಕ್ಕೆ ತುಂಬಲಾರದು. ಕಾದದ್ದರಿಂದಲೇ ಸರಿಹೋಯಿತು ಎಂದರೆ ಅನುಮಾನ ಮೂರು ಕಡೆಗೆ ತಿರುಗುತ್ತದೆ: ಬಿಸಿಗೆ ಸೋಲುವ ಕಾಯಿಲ್ ಇಲ್ಲವೇ ಕಂಡೆನ್ಸರ್, ಪೈಪಿನಲ್ಲೇ ಆವಿಯಾಗುವ ಪೆಟ್ರೋಲ್, ಟ್ಯಾಂಕ್ ಮುಚ್ಚಳದ ಕಟ್ಟಿಹೋದ ಗಾಳಿರಂಧ್ರ.

ಇವನ್ನು ಬೇರ್ಪಡಿಸಲು ಕಾರು ನಿಂತ ಮೊದಲ ಐದು ನಿಮಿಷವೇ ಸಮಯ. ತಣ್ಣಗಾದ ಮೇಲೆ ಗ್ಯಾರೇಜಿಗೆ ತಂದು ಬಿಚ್ಚಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮೆಕ್ಯಾನಿಕ್ಕನ್ನು ದೂರಿ ಪ್ರಯೋಜನವಿಲ್ಲ. ಮೊದಲು ಕರೆಂಟ್ ನೋಡಿ. ಪೆಟ್ರೋಲ್ ಪೈಪ್ ಬಿಚ್ಚುವ ಮುಂಚೆಯೇ ಇದು ಮುಗಿಯಬೇಕು. ಸೋರಿದ ಪೆಟ್ರೋಲಿನ ಹತ್ತಿರ ಕಿಡಿ ಹಾರಿಸಬಾರದು. ಪ್ಲಗ್ ವೈರ್ ಒಂದನ್ನು ತೆಗೆದು, ಜೊತೆಗೆ ಒಯ್ದ ಬೇರೊಂದು ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಮೈ ಎಂಜಿನ್ನಿನ ಕಬ್ಬಿಣಕ್ಕೆ ತಾಗುವಂತೆ ಇಟ್ಟು ಸೆಲ್ಫ್ ಹೊಡೆಸಿ. ಗಟ್ಟಿಯಾದ ನೀಲಿ ಕಿಡಿ ಬಂದರೆ ಆ ಕಡೆ ಸರಿ. ಹಳದಿಯಾಗಿ ಸೊರಗಿದ್ದರೆ ಅಥವಾ ಬಾರದೇ ಇದ್ದರೆ ಮೊದಲು ಕಂಡೆನ್ಸರ್ ಬದಲಿಸಿ, ಆಮೇಲೆ ಕಾಯಿಲ್. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕಾರು ಓಡಬಹುದು, ಕಾರಣ ಮಾತ್ರ ತಿಳಿಯುವುದಿಲ್ಲ. ರೋಲ್ಸ್ ರಾಯ್ಸ್ ಫ್ಯಾಂಟಮ್ ಒಂದರಂತೆ ಕಾಯಿಲ್ಲೂ ಮ್ಯಾಗ್ನೆಟೋ ಕೂಡ ಇರುವ ಕಾರಾದರೆ ಒಂದರಿಂದ ಇನ್ನೊಂದಕ್ಕೆ ಸ್ವಿಚ್ ಬದಲಿಸಿದರೇ ಉತ್ತರ ಸಿಗುತ್ತದೆ.

ಕಿಡಿ ಚೆನ್ನಾಗಿದೆಯೆ? ಹಾಗಾದರೆ ಟ್ಯಾಂಕಿನ ಮುಚ್ಚಳ ತಿರುಗಿಸಿ. ಉಸ್ಸೆಂದು ಗಾಳಿ ಒಳಗೆ ಹೋದರೆ ರಂಧ್ರ ಕಟ್ಟಿದೆ. ತಂತಿಯಲ್ಲಿ ಬಿಡಿಸಿದರೆ ಸಾಕು. ಅದೂ ಅಲ್ಲದಿದ್ದರೆ ಒದ್ದೆ ಬಟ್ಟೆಯನ್ನು ಪೆಟ್ರೋಲ್ ಪೈಪಿಗೆ ಸುತ್ತಿ. ಒಂದೆರಡು ನಿಮಿಷದಲ್ಲೇ ಕಾರು ಎದ್ದರೆ ಪೆಟ್ರೋಲ್ ಆವಿಯಾಗುತ್ತಿತ್ತು ಎಂದರ್ಥ. ಸೈಲೆನ್ಸರ್ ಕಡೆಗಿರುವ ಪೈಪನ್ನು ದೂರ ಸರಿಸಿ, ನಡುವೆ ತಗಡಿನ ಮರೆ ಕಟ್ಟಿಸಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ಕೆಲವು ಕಾರ್ಬೊರೇಟರುಗಳಲ್ಲಿ ಅರಗು ಬಳಿದ ಬೆಂಡಿನ ಫ್ಲೋಟ್ ಇರುತ್ತಿತ್ತು. ಎಥನಾಲ್ ಆ ಅರಗನ್ನು ಕರಗಿಸಿ ಜೆಟ್ಟಿಗೆ ಕಟ್ಟಿಸುತ್ತದೆ. ಅದನ್ನೂ ಒಮ್ಮೆ ನೋಡಿಸಿ.

ಏರಿನಲ್ಲಿ ಮಾತ್ರ ಬಯಲಾಗುವ ದೋಷಕ್ಕೆ ದೊಡ್ಡವರೂ ಸಿಕ್ಕಿದ್ದುಂಟು. 1912ರ ಆಲ್ಪ್ಸ್ ಸ್ಪರ್ಧೆಯಲ್ಲಿ ಖಾಸಗಿಯಾಗಿ ಭಾಗವಹಿಸಿದ್ದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರು ಆಸ್ಟ್ರಿಯದ ಕಟ್ಷ್‌ಬರ್ಗ್ ಏರಿನಲ್ಲಿ ಸೋತಿತು. ಎಂಜಿನ್ನಿನ ತಪ್ಪಲ್ಲ, ಮೂರು ಗೇರಿನ ಪೆಟ್ಟಿಗೆಯಲ್ಲಿ ಮೊದಲನೆಯ ಗೇರೇ ಅಷ್ಟು ಕಡಿದಾದ ಏರಿಗೆ ಸಾಕಷ್ಟು ಲೋ ಆಗಿರಲಿಲ್ಲ. ಕಂಪನಿ ನಾಲ್ಕು ಗೇರಿನ ಪೆಟ್ಟಿಗೆ ಕೂರಿಸಿ 1913ರಲ್ಲಿ ಮತ್ತೆ ಬಂದು ಹೆಸರು ಮಾಡಿತು. ಹಾಗಾಗಿ ನಿಮ್ಮ ಬಂಧುಗಳು ಬೆಟ್ಟ ಹತ್ತಿಸಿ ನೋಡಿದ್ದು ಸರಿಯಾದ ಕೆಲಸವೇ.

ಮುಂದಿನ ಟ್ರಯಲಿಗೆ ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿಯ ದಿನಗಳನ್ನು ಬಿಡಿ. ಜಾತ್ರೆಯ ಬಸ್ಸುಗಳ ನಡುವೆ ತಿರುವಿನಲ್ಲಿ ನಿಂತ ಕಾರು ಅಪಾಯ. ಬೆಂಕಿ ನಂದಿಸುವ ಸಿಲಿಂಡರ್ ಜೊತೆಗಿರಲಿ, ಗಾಲಿಗೆ ಅಡ್ಡ ಕೊಡಲು ಮರದ ತುಂಡೂ ಇರಲಿ. ಯಳಂದೂರು ಕಡೆಯಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತಿಸಿ ನೋಡುವ ಯೋಚನೆಯಿದ್ದರೆ ಬೇಡ: ಅದು 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಕಾಡಿನ ನಡುವೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿ ಕೂರುವ ಜಾಗವಲ್ಲ.