ಹಳೇ ಕಾರಿಗೆ ಹೊಸ ಸ್ಟಿಯರಿಂಗ್: ಕುವೈತಿನಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಮೊದಲು ಸ್ಟಿಯರಿಂಗಿನ ನಡುವಿನ ಪ್ಯಾಡ್ ನೋಡಿ. ಅದರ ಮೇಲೆ ಎಸ್‌ಆರ್‌ಎಸ್ ಅಂತಲೋ ಏರ್‌ಬ್ಯಾಗ್ ಅಂತಲೋ ಅಚ್ಚೊತ್ತಿದ್ದರೆ, ಇಲ್ಲವೇ ಕೀ ತಿರುಗಿಸಿದಾಗ ಮೀಟರಿನಲ್ಲಿ ಏರ್‌ಬ್ಯಾಗಿನ ದೀಪ ಕೆಲವು ಸೆಕೆಂಡು ಹತ್ತಿ ಆರಿದರೆ, ಆ ಸ್ಟಿಯರಿಂಗನ್ನು ತೆಗೆದು ಬೇರೆಯದು ಹಾಕಿಸಬೇಡಿ. ಮೊಮೊ ಕಂಪನಿಯದ್ದಾಗಲಿ, ಸ್ಪಾರ್ಕೊದ್ದಾಗಲಿ, ಎಷ್ಟೇ ಅಗ್ಗಕ್ಕೆ ಸಿಗಲಿ, ಬೇಡ. ಈ ಒಂದು ಮಾತಿನಲ್ಲಿ ಚೌಕಾಸಿ ಇಲ್ಲ.

ಗ್ಯಾರೇಜಿನಲ್ಲಿ ಇದಕ್ಕೂ ಒಂದು ಉಪಾಯ ಹೇಳಿಕೊಡುತ್ತಾರೆ. ಏರ್‌ಬ್ಯಾಗ್ ಕಳಚಿ, ಅದರ ವಯರಿನ ತುದಿಗೆ ಎರಡು ಓಮ್‌ನ ಸಣ್ಣ ರೆಸಿಸ್ಟರ್ ಸಿಕ್ಕಿಸಿದರೆ ಕಂಪ್ಯೂಟರಿಗೆ ಎಲ್ಲ ಸರಿಯಿದೆ ಅನ್ನಿಸಿ ದೀಪ ಆರುತ್ತದೆ, ‘ಮಾಫಿ ಮುಶ್ಕಿಲ್’, ಏನೂ ತೊಂದರೆಯಿಲ್ಲ ಅನ್ನುತ್ತಾರೆ. ದೀಪವೇನೋ ಆರುತ್ತದೆ. ನಾಳೆ ಆ ಕಾರನ್ನು ನಿಮ್ಮಿಂದ ಕೊಳ್ಳುವವನಿಗೆ ಏರ್‌ಬ್ಯಾಗ್ ಇಲ್ಲ ಅಂತ ಹೇಳುವವರೂ ಇರುವುದಿಲ್ಲ. ಇಲ್ಲಿ ಕಾರುಗಳು ಊರಿಗೆ ಹೊರಟವನಿಂದ ಹೊಸದಾಗಿ ಬಂದವನಿಗೆ, ಒಂದೇ ಫ್ಲ್ಯಾಟಿನಲ್ಲಿ, ಕೆಲವೊಮ್ಮೆ ಒಂದೇ ಊರಿನವರ ನಡುವೆ ಕೈ ಬದಲಾಯಿಸುತ್ತವೆ. ರೆಸಿಸ್ಟರ್ ಹಾಕಿಸಬೇಡಿ.

ಬದಲಿಸುವ ಆಸೆ ಯಾಕೆ ಹುಟ್ಟುತ್ತದೆ ಎನ್ನುವುದು ನನಗೆ ಗೊತ್ತು. ಚಂದಕ್ಕಿಂತ ಹೆಚ್ಚಾಗಿ ಬಿಸಿಲಿನ ಕಾಟ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ದಾಖಲಾದ ಉಷ್ಣಾಂಶವನ್ನು ವಿಶ್ವ ಹವಾಮಾನ ಸಂಸ್ಥೆ 53.9 ಡಿಗ್ರಿ ಎಂದು ಒಪ್ಪಿದೆ. ಅದು ನೆರಳಿನ ಲೆಕ್ಕ. ಅಬ್ಬಾಸಿಯಾದ ಮರಳು ಬಯಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗಿನ ಲೆಕ್ಕವೇ ಬೇರೆ. ಹತ್ತಿಪ್ಪತ್ತು ಬೇಸಗೆ ಕಂಡ ಸ್ಟಿಯರಿಂಗಿನ ಮೇಲ್ಪದರ ಮೊದಲು ಹೊಳಪು ಕಳೆದುಕೊಂಡು, ಆಮೇಲೆ ಮೇಲ್ಭಾಗದಲ್ಲಿ ಬಿರುಕು ಬಿಟ್ಟು, ಕೊನೆಗೆ ಹಲಸಿನ ಮೇಣದ ಹಾಗೆ ಅಂಗೈಗೆ ಅಂಟುತ್ತದೆ. ಬಿಳಿ ಅಂಗಿಯ ತೋಳಿನ ಅಂಚಿನಲ್ಲಿ ಕಪ್ಪು ಕಲೆ. ತೊಳೆದರೂ ಹೋಗದು.

ಹಾಗಾದವರು ಮೊದಲು ಮಾಡಬೇಕಾದ್ದು ಹೊಸದನ್ನು ಕೊಳ್ಳುವುದಲ್ಲ, ಹಳೆಯದಕ್ಕೆ ಚರ್ಮ ಹೊಲಿಸುವುದು. ಶುವೈಖ್ ಕೈಗಾರಿಕಾ ಪ್ರದೇಶದಲ್ಲಿ ಸೀಟು ಹೊಲಿಯುವವರೇ ಇದನ್ನೂ ಮಾಡುತ್ತಾರೆ. ಅಂಟಂಟಾದ ಪದರವನ್ನು ಪೂರ್ತಿ ಕೆರೆದು ತೆಗೆದ ಮೇಲೆಯೇ ಹೊಲಿಯಬೇಕು, ಅದರ ಮೇಲೆಯೇ ಹೊದಿಸಲು ಬಿಡಬೇಡಿ. ಏರ್‌ಬ್ಯಾಗ್ ಇರುವ ಕಾರಿನವರಿಗೂ ಇದೇ ದಾರಿ. ಆದರೆ ಹೊಲಿಯಲು ಸ್ಟಿಯರಿಂಗ್ ಕಳಚುವಾಗ ಬ್ಯಾಟರಿಯ ನೆಗೆಟಿವ್ ತೆಗೆದು ಕಾಯಬೇಕು. ಟೊಯೋಟಾದ ಪುಸ್ತಕ ಕನಿಷ್ಠ 90 ಸೆಕೆಂಡು ಅನ್ನುತ್ತದೆ, ಹೋಂಡಾದ್ದು 3 ನಿಮಿಷ. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗಿನ ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ, ಅದಕ್ಕೆ. ಕಳಚಿದ ಏರ್‌ಬ್ಯಾಗನ್ನು ಮುಖ ಮೇಲಾಗಿ ಇಡಿ. ಕವುಚಿ ಇಟ್ಟದ್ದು ಸಿಡಿದರೆ ಇಡೀ ಪೆಟ್ಟಿಗೆಯೇ ಮೇಲಕ್ಕೆ ಹಾರುತ್ತದೆ. ಅದರ ವಯರಿಗೆ ಮಲ್ಟಿಮೀಟರ್ ಹಿಡಿದು ನೋಡಲು ಯಾರಿಗೂ ಬಿಡಬೇಡಿ.

ಇನ್ನು ಉಳಿದ ಮಾತೆಲ್ಲ ಏರ್‌ಬ್ಯಾಗ್ ಬರುವುದಕ್ಕೆ ಮುಂಚಿನ ಗಾಡಿಯವರಿಗೆ ಮಾತ್ರ. ಎಂಬತ್ತರ, ತೊಂಬತ್ತರ ದಶಕದ ಕೊರೊಲಾ, ಸನ್ನಿ, ಪಜೇರೊ, ಹಳೇ ಲ್ಯಾಂಡ್ ಕ್ರೂಸರ್.

ಕೊಳ್ಳುವ ಮುಂಚೆ

ಸ್ಟಿಯರಿಂಗಿಗಿಂತ ಮೊದಲು ಬಾಸ್ ಕೊಳ್ಳಿ. ಬಾಸ್ ಅಂದರೆ ಕಾರಿನ ಶಾಫ್ಟಿಗೂ ಹೊಸ ಸ್ಟಿಯರಿಂಗಿಗೂ ನಡುವೆ ಕೂರುವ ಲೋಹದ ಬುಡ. ಅಂಗಡಿಯ ಗೋಡೆಯಲ್ಲಿ ನೇತುಹಾಕಿದ ಸ್ಟಿಯರಿಂಗ್ ಕಣ್ಣಿಗೆ ಬೀಳುತ್ತದೆ, ಬಾಸ್ ಗಲ್ಲಾದ ಕೆಳಗಿನ ರಟ್ಟಿನ ಡಬ್ಬಿಯಲ್ಲಿರುತ್ತದೆ. ನಿಮ್ಮ ಜೀವ ಇರುವುದು ಡಬ್ಬಿಯಲ್ಲಿ. ಶಾಫ್ಟಿನ ಹಲ್ಲುಗಳು ಕಂಪನಿಯಿಂದ ಕಂಪನಿಗೆ ಬೇರೆ, ಒಂದೇ ಕಂಪನಿಯಲ್ಲಿ ಮಾದರಿಯಿಂದ ಮಾದರಿಗೂ ಬೇರೆಯಾಗಬಹುದು. ಮಾದರಿ, ವರ್ಷ ಎರಡನ್ನೂ ಹೇಳಿ ಕೇಳಿ. ‘ಎಲ್ಲದಕ್ಕೂ ಆಗುತ್ತದೆ’ ಎನ್ನುವ ಬಾಸನ್ನು ಅಲ್ಲೇ ಬಿಟ್ಟು ಬನ್ನಿ. ಸರಿಯಾದ್ದು ಕೈಯಲ್ಲೇ ಕೊನೆಯತನಕ ನೇರವಾಗಿ ಇಳಿಯುತ್ತದೆ. ಅರ್ಧಕ್ಕೆ ನಿಂತು, ನಟ್ಟು ಬಿಗಿದು ಎಳೆದರೆ ಕೂರುತ್ತದೆ ಅಂದರೆ ಅದು ನಿಮ್ಮ ಕಾರಿನದ್ದಲ್ಲ.

ಆಮೇಲೆ ಬೋಲ್ಟಿನ ವೃತ್ತ. ಮೊಮೊ, ಸ್ಪಾರ್ಕೊ, ಒಎಂಪಿ ಸ್ಟಿಯರಿಂಗುಗಳ ಆರು ತೂತುಗಳು ಸಾಮಾನ್ಯವಾಗಿ 70 ಮಿಲಿಮೀಟರ್ ವ್ಯಾಸದ ವೃತ್ತದ ಮೇಲಿರುತ್ತವೆ. ನಾರ್ಡಿ ಮತ್ತು ಪರ್ಸನಲ್‌ನವು 74ರ ಮೇಲೆ. ಒಂದೊಂದು ತೂತಿಗೆ ಬರೇ 2 ಮಿಲಿಮೀಟರ್ ವ್ಯತ್ಯಾಸ. ಮೆಕ್ಯಾನಿಕ್ ದುಂಡು ಅರ ಕೈಗೆತ್ತಿಕೊಳ್ಳುವುದು ಇಲ್ಲೇ, ‘ಸ್ವಲ್ಪ ಉಜ್ಜಿ ಕೂರಿಸಿಕೊಡ್ತೇನೆ’. ಬೇಡವೆನ್ನಿ. ಉಜ್ಜಿದ ತೂತಿನಲ್ಲಿ ಬೋಲ್ಟು ಆಡುತ್ತದೆ, ಆಡಿದ ಬೋಲ್ಟು ಸಡಿಲಾಗುತ್ತದೆ. ಎರಡೂ ವೃತ್ತಗಳಿಗೆ ತೂತಿರುವ ಬಾಸುಗಳು ಸಿಗುತ್ತವೆ, ಅಂಥದ್ದನ್ನು ಕೇಳಿ.

ನಕಲಿ ಮಾಲು ಧಾರಾಳ ಇದೆ. ಅಸಲಿ ಮೊಮೊದ ಹಿಂಬದಿಯ ಕಡ್ಡಿಗಳ ಮೇಲೆ ತಯಾರಾದ ತಿಂಗಳು, ವರ್ಷ, ಜರ್ಮನಿಯ ಮಾನ್ಯತೆಯ ಕೆಬಿಎ ಸಂಖ್ಯೆ ಅಚ್ಚಾಗಿರುವುದನ್ನು ತಿರುಗಿಸಿ ನೋಡಿ. ಮುಂದುಗಡೆಯ ಹಳದಿ ಹಾರ್ನ್ ಗುಂಡಿಯನ್ನು ನಂಬಬೇಡಿ, ಅದು ಬಿಡಿಯಾಗಿಯೂ ಸಿಗುತ್ತದೆ.

ವ್ಯಾಸ 350ಕ್ಕಿಂತ ಕೆಳಗೆ ಇಳಿಸಬೇಡಿ. ಕಂಪನಿಯ 380 ಮಿಲಿಮೀಟರ್ ತೆಗೆದು 350 ಹಾಕಿದರೆ ಅಷ್ಟೇ ತಿರುವಿಗೆ ಕೈ ಸುಮಾರು ಶೇಕಡ 9ರಷ್ಟು ಹೆಚ್ಚು ಬಲ ಹಾಕಬೇಕು. ಪವರ್ ಸ್ಟಿಯರಿಂಗ್ ಇಲ್ಲದ ಕಾರನ್ನು ಸಾಲ್ಮಿಯಾದ ಗಲ್ಲಿಯಲ್ಲಿ ಎರಡು ಕಾರುಗಳ ನಡುವೆ ತೂರಿಸಿದವರಿಗೆ ಆ 9ರ ಅರ್ಥ ಭುಜದಲ್ಲಿ ಗೊತ್ತಾಗುತ್ತದೆ. ಇನ್ನೊಂದು, ಸಣ್ಣ ಸ್ಟಿಯರಿಂಗಿನ ಮೇಲಂಚು ಸ್ಪೀಡೋಮೀಟರಿಗೆ ಅಡ್ಡ ಬರುತ್ತದೆ. ಕೊಳ್ಳುವ ಮುಂಚೆ ನಿಮ್ಮ ಸೀಟಿನಲ್ಲಿ ಕೂತು, ಅದನ್ನು ಹಳೆಯದರ ಮುಂದೆ ಹಿಡಿದು ನೋಡಿ. 80ರಿಂದ 120ರ ತನಕದ ಅಂಕಿ ಕಾಣದಿದ್ದರೆ ಹಿಂದೆ ಕೊಡಿ. ಕ್ಯಾಮೆರಾಗಳಿಗೆ ನಿಮ್ಮ ಕಷ್ಟ ಗೊತ್ತಾಗುವುದಿಲ್ಲ.

ಮರದ ಅಂಚಿನದ್ದು ಕಣ್ಣಿಗೆ ಹಬ್ಬ. ಮನೆಯ ಗ್ಯಾರೇಜಿನ ನೆರಳಿನಲ್ಲಿ ಕಾರು ಇಡುವ ಭಾಗ್ಯವಂತರು ಹಾಕಿಸಲಿ. ಬಯಲಲ್ಲಿ ನಿಲ್ಲಿಸುವವರು ಬೇಡ, ಮರ ಬಿರಿಯುತ್ತದೆ, ಮೇಲಿನ ವಾರ್ನಿಷ್ ಚಕ್ಕೆಯೇಳುತ್ತದೆ. ಹೊಳೆಯುವ ಅಲ್ಯೂಮಿನಿಯಂ ಕಡ್ಡಿಯದೂ ಬೇಡ, ಆಗಸ್ಟಿನ ಮಧ್ಯಾಹ್ನ ಮುಟ್ಟಿ ನೋಡಿದರೆ ಕಾರಣ ಕೇಳುವುದಿಲ್ಲ. ಕಪ್ಪು ಕಡ್ಡಿ, ಕಪ್ಪು ಚರ್ಮ, ಮೇಲೊಂದು ಬಿಳಿ ಟವೆಲು.

ಬಿಚ್ಚುವಾಗ

ಮುಂದಿನ ಗಾಲಿಗಳು ನೇರ ಇರುವಂತೆ ನಿಲ್ಲಿಸಿ. ಶಾಫ್ಟಿನ ತುದಿಗೂ ಹಳೇ ಸ್ಟಿಯರಿಂಗಿನ ನಡುವಿಗೂ ಸೇರಿಸಿ ಬಿಳಿ ಬಣ್ಣದ ಒಂದು ಗೀಟು ಎಳೆಯಿರಿ. ನಟ್ಟನ್ನು ಪೂರ್ತಿ ತೆಗೆಯಬೇಡಿ, ಎರಡು ಮೂರು ಸುತ್ತು ಬಿಟ್ಟಿರಿ. ವರ್ಷಗಟ್ಟಲೆ ಕಚ್ಚಿಕೊಂಡಿದ್ದು ಒಮ್ಮೆಲೇ ಬಿಟ್ಟರೆ ಬಂದು ಬೀಳುವುದು ನಿಮ್ಮ ಮೂಗಿಗೆ.

ಪುಲ್ಲರ್ ಬಳಸಿ. ಸುತ್ತಿಗೆ ಬೇಡವೇ ಬೇಡ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಶಾಫ್ಟಿನ ತಲೆಗೆ ಎರಡೇಟು ಹಾಕುವುದು ನಮ್ಮ ಕಡೆ ಬುದ್ಧಿವಂತಿಕೆಯ ಲಕ್ಷಣ. ಹಿಂದಿನ ಕಾಲದ ಕಾರುಗಳ ಸ್ಟಿಯರಿಂಗ್ ಕಾಲಂ ಒಂದೇ ಉದ್ದದ ಕಬ್ಬಿಣದ ಕೋಲು. ಮುಂದಿನಿಂದ ಗುದ್ದಿದರೆ ಅದು ಈಟಿಯಂತೆ ಚಾಲಕನ ಎದೆಗೆ ಬರುತ್ತಿತ್ತು. ಅಮೆರಿಕದಲ್ಲಿ 1968ರ ಜನವರಿ 1ರಿಂದ ಜಾರಿಗೆ ಬಂದ ಸುರಕ್ಷಾ ನಿಯಮಗಳು ಇದಕ್ಕೆ ಕಡಿವಾಣ ಹಾಕಿದವು, ಗುದ್ದಿದಾಗ ಮಡಿಯುವ, ಒಂದರೊಳಗೊಂದು ಸರಿಯುವ ಕಾಲಂಗಳು ಎಲ್ಲೆಡೆ ಬಂದವು. ಅನೇಕ ಕಾಲಂಗಳಲ್ಲಿ ಆ ಎರಡು ಭಾಗಗಳನ್ನು ಹಿಡಿದಿಟ್ಟಿರುವುದು ಪ್ಲಾಸ್ಟಿಕ್ ಪಿನ್ನುಗಳು, ಜೋರು ಪೆಟ್ಟಿಗೆ ಮುರಿಯಲೆಂದೇ ಮಾಡಿದವು. ನಿಮ್ಮ ಸುತ್ತಿಗೆ ಅಪಘಾತವಲ್ಲ ಎಂದು ಆ ಪಿನ್ನಿಗೆ ಗೊತ್ತಿಲ್ಲ.

ಇದೇ ಕಾರಣಕ್ಕೆ ಬಾಸನ್ನು ಆರಿಸುವಾಗಲೂ ಗುದ್ದಿದರೆ ಕುಗ್ಗುವ ತೆಳು ಗೋಡೆಯದ್ದನ್ನೇ ಕೇಳಿ. ಇಡೀ ಅಲ್ಯೂಮಿನಿಯಂ ಗಟ್ಟಿಯನ್ನು ಕಡೆದು ಮಾಡಿದ್ದು ಕೈಯಲ್ಲಿ ತೂಕವಾಗಿ, ಬೆಲೆಬಾಳುವಂತೆ ಕಾಣುತ್ತದೆ. ಅದು ನಿಮ್ಮ ಎದೆಯ ಎದುರಿಗೆ ಕೂರುವ ವಸ್ತು ಎಂಬುದು ನೆನಪಿರಲಿ.

ಬೇಸಗೆಯಲ್ಲಿ ಈ ಕೆಲಸವನ್ನು ಬೆಳಿಗ್ಗೆಯೇ ಮಾಡಿಸಿ. ಜೂನ್ 1ರಿಂದ ಆಗಸ್ಟ್ 31ರ ತನಕ 11ರಿಂದ 4 ಗಂಟೆವರೆಗೆ ಬಯಲಲ್ಲಿ ಕೆಲಸ ಮಾಡಿಸುವುದನ್ನು ಸರ್ಕಾರವೇ ನಿಷೇಧಿಸಿದೆ. ಊಟದ ಬಿಡುವಿನಲ್ಲಿ ಬರುತ್ತೇನೆ, ಹೊರಗೇ ಮಾಡಿಕೊಡು ಅಂತ ಗ್ಯಾರೇಜಿನ ಹುಡುಗನನ್ನು ಒತ್ತಾಯಿಸಬೇಡಿ.

ಕೂರಿಸುವಾಗ

ಗೀಟಿಗೆ ಗೀಟು ಸೇರಿಸಿ ಬಾಸ್ ಇಳಿಸಿ. ಬಾಸಿನ ಹಿಂದಿನ ಸಣ್ಣ ಕೊಕ್ಕೆಗಳು ಇಂಡಿಕೇಟರ್ ಆರಿಸುವ ಬಳೆಯೊಳಗೆ ಕೂರಬೇಕು. ತಪ್ಪಿದರೆ ತಿರುವು ಮುಗಿದರೂ ಇಂಡಿಕೇಟರ್ ಮಿಟುಕುತ್ತಲೇ ಇರುತ್ತದೆ. ನಟ್ಟು ಹೊಸದು ಹಾಕಿ, ಆ ಮಾದರಿಯ ಸರ್ವಿಸ್ ಪುಸ್ತಕ ಹೇಳಿದ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿಸಿ. ‘ಕೈ ಅಂದಾಜು ಸಾಕು’ ಅಂದರೆ ಬೇರೆ ಗ್ಯಾರೇಜ್ ನೋಡಿ. ಆರು ಬೋಲ್ಟುಗಳನ್ನು ಗಾಲಿಯ ನಟ್ಟಿನ ಹಾಗೆ ಎದುರುಬದುರಾಗಿ, ಎರಡು ಸುತ್ತಿನಲ್ಲಿ ಬಿಗಿಸಬೇಕು. ಎಳೆಗೆ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ, ಕೆಂಪು ಬೇಡ.

ಕಾರು ನೇರ ಹೋಗುವಾಗ ಸ್ಟಿಯರಿಂಗ್ ಸೊಟ್ಟ ಕಂಡರೆ ಬಾಸನ್ನು ಒಂದು ಹಲ್ಲು ಆಚೆ ಈಚೆ ಕೂರಿಸಿ ತಿದ್ದಬೇಡಿ. ಮೊದಲೇ ಸೊಟ್ಟಗಿತ್ತು ಎಂದರೆ ಅದು ಅಲೈನ್‌ಮೆಂಟಿನ ಕೆಲಸ, ಟೈ ರಾಡಿನಲ್ಲಿ ಸರಿಮಾಡಬೇಕು.

ಹಾರ್ನ್ ವಯರಿನ ಬಗ್ಗೆ ಉದಾಸೀನ ಬೇಡ. ನಾನು ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. ನನ್ನ ಹಳೇ ಕೊರೊಲಾಕ್ಕೆ ಕೂರಿಸಿಕೊಟ್ಟವನು ವಯರನ್ನು ಬಾಸಿನ ಅಂಚಿನಲ್ಲಿ ಸಿಕ್ಕಿಸಿಬಿಟ್ಟಿದ್ದ. ಮೇಲಿನ ಪ್ಲಾಸ್ಟಿಕ್ ಸವೆದು ಒಳಗಿನ ತಾಮ್ರ ಲೋಹಕ್ಕೆ ತಾಗಿದ್ದು ಶುಕ್ರವಾರ ಮಧ್ಯಾಹ್ನ, ಮಸೀದಿಯ ಮುಂದಿನ ತಿರುವಿನಲ್ಲಿ, ನಮಾಜಿಗೆ ಜನ ಸೇರುತ್ತಿದ್ದ ಹೊತ್ತಿಗೆ. ಎಡಕ್ಕೆ ತಿರುಗಿಸಿದಾಗಲೆಲ್ಲ ಹಾರ್ನ್. ನಿಲ್ಲಿಸಲು ಗೊತ್ತಿದ್ದ ಒಂದೇ ದಾರಿ ಬಲಕ್ಕೆ ತಿರುಗಿಸುವುದು, ಬಲಕ್ಕೆ ಗೋಡೆ. ಕೊನೆಗೆ ಫ್ಯೂಸ್ ಕಿತ್ತು ಮನೆ ಮುಟ್ಟಿದೆ. ವಯರು ಅದರ ಕಾಲುವೆಯಲ್ಲೇ ಹೋಗಿದೆಯೇ ಎಂದು ಬಾಸಿನ ಮುಚ್ಚಳ ಹಾಕುವ ಮುಂಚೆ ನೀವೇ ಬಗ್ಗಿ ನೋಡಿ. ಹಾರ್ನಿಗೆ ಡ್ಯಾಶ್‌ಬೋರ್ಡಿನಲ್ಲಿ ಬೇರೆ ಸ್ವಿಚ್ ಹಾಕಿಸಬೇಡಿ. ಗಾಬರಿಯಲ್ಲಿ ಕೈ ಹೋಗುವುದು ಸ್ಟಿಯರಿಂಗಿನ ನಡುವಿಗೇ.

ಗುಂಡಿ ಒತ್ತಿದರೆ ಕೈಗೆ ಬರುವ ಕ್ವಿಕ್ ರಿಲೀಸ್ ಜೋಡಣೆ ರಸ್ತೆಯ ಕಾರಿಗೆ ಬೇಡ.

ಓಡಿಸುವ ಮುಂಚೆ

ಇಂಜಿನ್ ಆನ್ ಮಾಡಿ, ನಿಂತಲ್ಲೇ ಎಡದ ಕೊನೆಯಿಂದ ಬಲದ ಕೊನೆಗೆ ಮೂರು ಸಲ ತಿರುಗಿಸಿ. ಕಟಕಟ ಸದ್ದು ಬಂದರೂ, ಸ್ಟಿಯರಿಂಗ್ ಹಿಂದಕ್ಕೆ ಮುಂದಕ್ಕೆ ಕೂದಲೆಳೆಯಷ್ಟು ಆಡಿದರೂ ಬಿಚ್ಚಿಸಿ. ಬೆನ್ನು ಸೀಟಿಗೆ ತಾಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚಿನ ಮೇಲೆ ಕೂರಬೇಕು. ಬಾಸಿನ ಉದ್ದ ಸ್ಟಿಯರಿಂಗನ್ನು ನಿಮ್ಮ ಕಡೆಗೆ ತಂದಿರುತ್ತದೆ, ಸೀಟು ಹಿಂದೆ ಸರಿಸಬೇಕಾದೀತು. ಹಾಗೆ ಸರಿಸಿದ ಮೇಲೂ ಬ್ರೇಕ್ ಪೂರ್ತಿ ಒತ್ತಲು ಬರುತ್ತದೆಯೇ, ಬೆರಳು ಇಂಡಿಕೇಟರ್ ಕಡ್ಡಿಗೆ ಎಟಕುತ್ತದೆಯೇ ನೋಡಿ. ಮೊದಲ ಓಟ ಶುಕ್ರವಾರ ಬೆಳಿಗ್ಗೆ, ರಸ್ತೆ ಖಾಲಿ ಇರುವಾಗ. ಸಿಕ್ಸ್ತ್ ರಿಂಗ್ ರೋಡಿನಲ್ಲಿ ಅಲ್ಲ, ಮನೆಯ ಸುತ್ತ. ನೂರು ಕಿಲೋಮೀಟರಾದ ಮೇಲೆ ಆರೂ ಬೋಲ್ಟುಗಳನ್ನು ಮತ್ತೆ ನೋಡಿ.

ದಫ್ತರ್, ಅಂದರೆ ಗಾಡಿಯ ನೋಂದಣಿ, ನವೀಕರಿಸುವ ಮುಂಚೆ ಫಹಸ್‌ಗೆ, ಅಂದರೆ ತಪಾಸಣೆಗೆ, ಹೋಗಲೇಬೇಕಾದ ಗಾಡಿ ನಿಮ್ಮದು. ಅಲ್ಲಿ ಹೋಗಿ ಸಿಕ್ಕಿಬೀಳುವ ಬದಲು, ದುಡ್ಡು ಕೊಡುವ ಮುಂಚೆಯೇ ಸ್ಟಿಯರಿಂಗಿನ ಫೋಟೊ ತೋರಿಸಿ ಕೇಳಿ. ಅನುಮತಿಯಿಲ್ಲದೆ ಗಾಡಿಯನ್ನು ಮಾರ್ಪಡಿಸುವುದು ಇಲ್ಲಿ ತಪ್ಪು. 1976ರ ಟ್ರಾಫಿಕ್ ಕಾನೂನಿಗೆ 2025ರ ಏಪ್ರಿಲ್ 22ರಿಂದ ಜಾರಿಗೆ ಬಂದ ತಿದ್ದುಪಡಿ ದಂಡಗಳನ್ನು ಬಲವಾಗಿ ಏರಿಸಿದೆ. ಬಾಯಿಮಾತಿನ ‘ಖಲಾಸ್, ನೋ ಪ್ರಾಬ್ಲಂ’ ಅನ್ನು ದಫ್ತರಿಗೆ ಅಂಟಿಸಲು ಬರುವುದಿಲ್ಲ.

ಹಳೇ ಸ್ಟಿಯರಿಂಗನ್ನು ಎಸೆಯಬೇಡಿ, ಗ್ಯಾರೇಜಿನವನಿಗೆ ಬಿಟ್ಟುಬರಲೂ ಬೇಡಿ. ಬಟ್ಟೆ ಸುತ್ತಿ ಮನೆಯೊಳಗೆ ಇಡಿ, ಡಿಕ್ಕಿಯಲ್ಲಲ್ಲ. ಫಹಸ್‌ನವರು ಬೇಡವೆಂದರೆ ಮತ್ತೆ ಬೇಕಾಗುವುದು ಅದೇ.

ಊರಿಗೆ ಒಯ್ಯುವವರಿಗೆ ಎರಡು ಮಾತು. ಬರೀ ಸ್ಟಿಯರಿಂಗ್ ಆದರೆ ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿ. ಅಮ್ಘರಾದ ಗುಜರಿಯಿಂದ ಎತ್ತಿಕೊಂಡ ಏರ್‌ಬ್ಯಾಗನ್ನು ಮಾತ್ರ ಮಂಗಳೂರಿನ ಸೂಟ್‌ಕೇಸಿಗೆ ತುಂಬಬೇಡಿ, ವಿಮಾನದ ಲೆಕ್ಕದಲ್ಲಿ ಅದು ಅಪಾಯಕಾರಿ ಸರಕು, 9ನೇ ವರ್ಗ. ಹಾಗೆಯೇ ಊರಿನ ಮಾರುತಿಗೆ ಹಾಕಿಸುವ ಯೋಚನೆಯಿದ್ದರೆ ಮೊದಲು ಆರ್‌ಟಿಒದಲ್ಲಿ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ.