ಬೀಗದ ಕೈ ಉಗ್ರಾಣದೊಳಗೆ

ಬ್ಯಾಡಗಿಯ ಮೆಣಸಿನಕಾಯಿ ಉಗ್ರಾಣದ ಬೀಗದ ಕೈಯನ್ನು ಒಳಗಿಟ್ಟೇ ಬೀಗ ಹಾಕಿದರೆ ಗತಿಯೇನು? ಗಣಕಯಂತ್ರಕ್ಕೂ ಇಂಥ ಪೇಚು ಒದಗುವುದುಂಟು.

ಉತ್ತರಗಳನ್ನು ಕಡತವೊಂದರಲ್ಲಿ ಮೊದಲೇ ಬರೆದಿಟ್ಟರೆ, ಪ್ರಯೋಗಾಲಯದ ಹತ್ತಾರು ಗಣಕಗಳಲ್ಲಿ ವಿಂಡೋಸ್ ತಾನಾಗಿಯೇ ಸ್ಥಾಪನೆಗೊಳ್ಳುತ್ತದೆ. ಆದರೆ 2020ರಿಂದೀಚಿನ ಅನೇಕ ಇಂಟೆಲ್ ಯಂತ್ರಗಳಲ್ಲಿ ‘ವಿಎಂಡಿ’ ಎಂಬ ನಿಯಂತ್ರಕವಿರುವುದರಿಂದ, ಅದರ ಡ್ರೈವರ್ ಇಲ್ಲದೆ ಡಿಸ್ಕೇ ಕಾಣದು. ಆ ಡ್ರೈವರನ್ನು ‘ಇನ್‌ಸ್ಟಾಲ್.ವಿಮ್’ ಕಡತಕ್ಕೆ ಮಾತ್ರ ಸೇರಿಸಿದರೆ ಫಲವಿಲ್ಲ. ಅದು ಡಿಸ್ಕಿಗೆ ಇಳಿದ ಮೇಲಷ್ಟೇ ಉಪಯುಕ್ತ. ಸ್ಥಾಪನೆಯನ್ನು ನಡೆಸುವುದು ‘ಬೂಟ್.ವಿಮ್’. ಆದುದರಿಂದ ಎರಡಕ್ಕೂ ಸೇರಿಸಬೇಕು.

ಡ್ರೈವರು ‘ಐಎನ್‌ಎಫ್’ ರೂಪದಲ್ಲಿದ್ದು, ಅದರಲ್ಲಿನ ಗುರುತುಸಂಖ್ಯೆ ಯಂತ್ರದ ಸಂಖ್ಯೆಗೆ ಹೊಂದಬೇಕು. ಹಾವೇರಿಯ ಗಣಕಕ್ಕೆ ಒಪ್ಪಿದ್ದು ರಾಣೆಬೆನ್ನೂರಿನದಕ್ಕೆ ಒಪ್ಪದಿರಬಹುದು. ಮೊದಲು ಒಂದೇ ಯಂತ್ರದಲ್ಲಿ ಪರೀಕ್ಷಿಸಿರಿ. ಇಲ್ಲವಾದರೆ ಒಂದು ದೋಷ ಹತ್ತಾರು ಯಂತ್ರಗಳನ್ನು ಒಮ್ಮೆಗೇ ನಿಲ್ಲಿಸೀತು.