ಕ್ರೀಡಾಕೌಶಲದ ಕಲಿಕೆ ಮತ್ತು ಮನಸ್ಸು

ಕ್ರೀಡೆ ಮೈಯ ಬಲಕ್ಕೆ ಸೇರಿದ್ದು, ಪಾಠ ಬುದ್ಧಿಗೆ ಸೇರಿದ್ದು ಎಂದು ಜನರು ಸಾಮಾನ್ಯವಾಗಿ ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲವೆಂಬುದನ್ನು ನಾವು ನಮ್ಮದೇ ಒಂದು ತಪ್ಪಿನಿಂದ ಕಲಿತೆವು. ಅದನ್ನು ಮೊದಲು ನಿವೇದಿಸಿ, ಬಳಿಕ ಶಾಸ್ತ್ರವಿಚಾರಕ್ಕೆ ಬರುವುದು ಉಚಿತವೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ ಹೊಸೂರಿನ ಕಡೆಯ ಒಂದು ಕ್ರೀಡಾಕೂಟಕ್ಕೆ ನಮ್ಮ ಬಾಲಕರ ರಿಲೇ ತಂಡವನ್ನು ಕರೆದೊಯ್ದಿದ್ದೆವು. ಶಾಲೆಯ ಬಯಲಿನಲ್ಲಿ ಎರಡು ತಿಂಗಳು ಬೆಳಗಿನ ಹೊತ್ತು ಅಭ್ಯಾಸ ನಡೆದಿತ್ತು. ಕೊನೆಯ ವಾರಗಳಲ್ಲಿ ಒಮ್ಮೆಯೂ ಕೋಲು ಕೆಳಗೆ ಬಿದ್ದಿರಲಿಲ್ಲ. ಕೂಟದ ದಿನ ಮೈದಾನದ ಸುತ್ತ ಜನಸಂದಣಿ. ಧ್ವನಿವರ್ಧಕದಲ್ಲಿ ತಮಿಳಿನ ಪ್ರಕಟಣೆ. ಪಕ್ಕದ ಸಾಲುಗಳಲ್ಲಿ ದೊಡ್ಡ ಶಾಲೆಗಳ ಮಕ್ಕಳು. ನಮ್ಮ ಮೂರನೆಯ ಓಟಗಾರನ ಕೈಯಿಂದ ಕೋಲು ಜಾರಿತು. ನಾವು ಆ ಬಾಲಕನನ್ನು ಎಲ್ಲರ ಎದುರಿಗೆ, “ಇಷ್ಟು ದಿನ ಕಲಿತದ್ದು ಇದೇ ಏನಪ್ಪಾ?” ಎಂದು ಗದರಿಸಿದೆವು. ಅವನು ತಲೆತಗ್ಗಿಸಿ ನಿಂತನು, ಉತ್ತರ ಕೊಡಲಿಲ್ಲ. ಮರುದಿನದಿಂದ ಬಯಲಿಗೆ ಬರುವುದನ್ನೇ ಬಿಟ್ಟನು.

ಆ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳಬೇಕಾಗಿತ್ತು. ಅವನು ಕಲಿತದ್ದೇನು? ನಾವು ಕಲಿಸಿದ್ದೇನು?

ಕೌಶಲದ ಕಲಿಕೆಗೆ ಮೂರು ಮೆಟ್ಟಿಲುಗಳಿವೆಯೆಂದು ಫಿಟ್ಸ್ ಮತ್ತು ಪೋಸ್ನರ್ ಎಂಬ ಮನಶ್ಶಾಸ್ತ್ರಜ್ಞರು ೧೯೬೭ರಲ್ಲಿ ವಿವರಿಸಿದರು. ಸೈಕಲ್ ಕಲಿಯುವ ಹುಡುಗನನ್ನು ನೋಡಿದರೆ ಇದು ವಿಶದವಾಗುತ್ತದೆ. ಮೊದಲು ಅವನು ಪ್ರತಿಯೊಂದನ್ನೂ ಯೋಚಿಸಿ ಮಾಡುತ್ತಾನೆ: ಕಾಲು ಎಲ್ಲಿ, ಕೈ ಎಲ್ಲಿ, ಬ್ರೇಕು ಎಲ್ಲಿ. ಎರಡನೆಯ ಹಂತದಲ್ಲಿ ತಪ್ಪುಗಳು ಕಡಮೆಯಾಗಿ ಚಲನೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಮೂರನೆಯದರಲ್ಲಿ ಯೋಚನೆಯೇ ಬೇಕಾಗುವುದಿಲ್ಲ. ಮಾತನಾಡುತ್ತಲೇ ಸೈಕಲ್ ತುಳಿಯುತ್ತಾನೆ. ಭಯಗೊಂಡ ಮನಸ್ಸು ಈ ಮೂರನೆಯ ಮೆಟ್ಟಿಲಿನಲ್ಲಿದ್ದವನನ್ನು ಕೂಡ ಮೊದಲನೆಯದಕ್ಕೆ ಎಳೆದು ತರಬಲ್ಲುದು. ತಾನಾಗಿಯೇ ನಡೆಯುತ್ತಿದ್ದ ಕೆಲಸವನ್ನು ಅವನು ಪುನಃ ಬಿಡಿಬಿಡಿಯಾಗಿ ಯೋಚಿಸತೊಡಗುತ್ತಾನೆ. ಅಲ್ಲಿಯೇ ಕೈ ತಪ್ಪುತ್ತದೆ.

ರಿಲೇ ಓಟದಲ್ಲಿ ಈ ಅಪಾಯ ಹೆಚ್ಚು. ನಾಲ್ವರೂ ತಲಾ ೧೦೦ ಮೀಟರು ಓಡುವ ಸ್ಪರ್ಧೆಯಲ್ಲಿ, ಇಂದಿನ ನಿಯಮದಂತೆ, ೩೦ ಮೀಟರಿನ ವಲಯದೊಳಗೆ ಕೋಲು ಕೈ ಬದಲಾಗಬೇಕು. ಇಬ್ಬರೂ ವೇಗದಲ್ಲಿರುತ್ತಾರೆ, ಪಡೆಯುವವನು ಹಿಂದಿರುಗಿ ನೋಡದೆ ಕೈ ಚಾಚುತ್ತಾನೆ. ೨೦೦೮ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರ ತಂಡವೂ ಮಹಿಳೆಯರ ತಂಡವೂ ಒಂದೇ ದಿನ ಪ್ರಾಥಮಿಕ ಸುತ್ತಿನಲ್ಲಿಯೇ ಕೋಲನ್ನು ಬೀಳಿಸಿ ಹೊರಬಿದ್ದವು. ಜಗತ್ತಿನ ಶ್ರೇಷ್ಠ ಓಟಗಾರರಿಗೇ ಹೀಗಾಗುವಾಗ ನಮ್ಮ ಹಳ್ಳಿಯ ಬಾಲಕನನ್ನು ಗದರಿಸಿದ್ದು ಎಷ್ಟರ ಮಟ್ಟಿಗೆ ನ್ಯಾಯ?

ಹಾಗಾದರೆ ಉದ್ವೇಗವೇ ಇರಬಾರದೇ? ಹಾಗಲ್ಲ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿದ್ವಾಂಸರು ೧೯೦೮ರಷ್ಟು ಹಿಂದೆಯೇ ಇಲಿಗಳ ಮೇಲೆ ಪ್ರಯೋಗ ನಡೆಸಿ, ಕಷ್ಟವಾದ ಕಲಿಕೆಗೆ ಅತಿಯಾದ ಪ್ರಚೋದನೆ ಹಾನಿಕರವೆಂದೂ ಮಿತವಾದುದೇ ಹಿತವೆಂದೂ ಕಂಡರು. ನಮ್ಮ ಸೀಮೆಯ ತಾಯಂದಿರಿಗೆ ಇದು ಹೊಸ ಮಾತಲ್ಲ. ರಾಗಿಮುದ್ದೆಗೆ ಉರಿ ಸಾಲದಿದ್ದರೆ ಹಿಟ್ಟು ಬೇಯದು. ಹೆಚ್ಚಾದರೆ ತಳ ಹಿಡಿಯುವುದು. ಸ್ಪರ್ಧೆಯ ದಿನ ಮಗುವಿಗೆ ಬೇಕಾದಷ್ಟು ಉರಿಯನ್ನು ಜನಸಂದಣಿಯೇ ಒದಗಿಸುತ್ತದೆ. ಅದರ ಮೇಲೆ ಉಪಾಧ್ಯಾಯನೂ ಸೌದೆ ಒಟ್ಟಬಾರದು.

ಇನ್ನು ಅಭ್ಯಾಸದ ಕ್ರಮ. ಒಂದೇ ಸ್ಥಳದಲ್ಲಿ, ಒಂದೇ ರೀತಿಯಲ್ಲಿ ನೂರು ಬಾರಿ ಮಾಡಿಸಿದರೆ ಕೌಶಲ ಗಟ್ಟಿಯಾಗುವುದೆಂದು ನಾವು ನಂಬಿದ್ದೆವು. ಕೆರ್ ಮತ್ತು ಬೂತ್ ಎಂಬವರು ೧೯೭೮ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಬೇರೆಯದನ್ನು ಹೇಳುತ್ತದೆ. ಎಂಟು ವರ್ಷದ ಮಕ್ಕಳಲ್ಲಿ ಒಂದು ಗುಂಪಿನವರು ಕಾಳಿನ ಚಿಕ್ಕ ಚೀಲವನ್ನು ಮೂರು ಅಡಿ ದೂರದ ಗುರಿಗೇ ಎಸೆದು ಕಲಿತರು. ಇನ್ನೊಂದು ಗುಂಪಿನವರು ಎರಡು ಮತ್ತು ನಾಲ್ಕು ಅಡಿಗಳಿಂದ ಎಸೆದು ಕಲಿತರು. ಕೊನೆಗೆ ಮೂರು ಅಡಿಯ ಪರೀಕ್ಷೆಯಲ್ಲಿ ಎರಡನೆಯ ಗುಂಪೇ ಮೇಲಾಯಿತು! ಕೃಷ್ಣಗಿರಿಯ ಮಾವಿನ ತೋಪುಗಳಲ್ಲಿ ಕಾವಲುಗಾರನ ಕಣ್ಣು ತಪ್ಪಿಸಿ ಕಲ್ಲೆಸೆಯುವ ಹುಡುಗರ ಗುರಿ ಏಕೆ ಅಷ್ಟು ನಿಖರವೆಂಬುದಕ್ಕೂ ಇದೇ ಕಾರಣವಿರಬಹುದು. ಅವರಿಗೆ ದಿನಕ್ಕೊಂದು ಕೊಂಬೆ, ಕ್ಷಣಕ್ಕೊಂದು ದೂರ.

ಬೆಂಗಳೂರಿನ ಪ್ರಕಾಶ್ ಪಡುಕೋಣೆಯವರ ಬಾಲ್ಯದ ಬ್ಯಾಡ್ಮಿಂಟನ್ ಅಂಗಣವು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣವಾಗಿತ್ತು. ಅಲ್ಲಿ ಮದುವೆಗಳೂ ನಡೆಯುತ್ತಿದ್ದುವು. ಸಮಾರಂಭವಿಲ್ಲದ ದಿನ ಮಾತ್ರ ಆಟ. ಆ ಬಾಲಕನೇ ೧೯೮೦ರ ಮಾರ್ಚಿಯಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್ ಅವರನ್ನು ೧೫-೩, ೧೫-೧೦ರಿಂದ ಸೋಲಿಸಿ, ಆ ಪ್ರಶಸ್ತಿ ಪಡೆದ ಪ್ರಥಮ ಭಾರತೀಯರಾದರು. ಹಿಂದಿನ ಎರಡು ವರ್ಷಗಳ ವಿಜೇತರಾದ ಕಿಂಗ್ ಅವರ ಬಲವಿದ್ದುದು ನೆಗೆದು ಹೊಡೆಯುವ ಸ್ಮ್ಯಾಷ್‌ನಲ್ಲಿ. ಪ್ರಕಾಶರು ಆ ವೇಗಕ್ಕೆ ವೇಗದಿಂದ ಉತ್ತರ ಕೊಡದೆ, ಆಟವನ್ನು ನಿಧಾನಗೊಳಿಸಿ, ಹೊಡೆತಗಳನ್ನು ಬದಲಿಸುತ್ತ ಎದುರಾಳಿಯ ಲಯವನ್ನೇ ಕೆಡಿಸಿದರು. ಬಗೆಬಗೆಯ ಹೊಡೆತಗಳು ಕೈವಶವಾಗಿ, ಮನಸ್ಸೂ ಸಮಾಧಾನದಲ್ಲಿದ್ದವನಿಗೆ ಮಾತ್ರ ಇದು ಸಾಧ್ಯ.

ಮನಸ್ಸಿನ ಸಮಾಧಾನವನ್ನು ಕೂಡ ಅಭ್ಯಾಸದಿಂದ ಕಲಿಸಬಹುದೇ? ಬೈಲಾಕ್ ಮತ್ತು ಕಾರ್ ಎಂಬವರು ೨೦೦೧ರಲ್ಲಿ ಪ್ರಕಟಿಸಿದ ಪ್ರಯೋಗ ಹೌದೆನ್ನುತ್ತದೆ. ಗಾಲ್ಫ್ ಚೆಂಡನ್ನು ಗುರಿಗೆ ತಟ್ಟುವುದನ್ನು ಕೆಲವರಿಗೆ ಕ್ಯಾಮರಾದ ಎದುರಿನಲ್ಲಿ, ತಜ್ಞರು ಇದನ್ನು ನೋಡುವರೆಂದು ಹೇಳಿ ಕಲಿಸಿದರು. ಇತರರಿಗೆ ಹಾಗಲ್ಲದೆ ಕಲಿಸಿದರು. ಒತ್ತಡದ ಪರೀಕ್ಷೆಯಲ್ಲಿ ಇತರರ ಕೈ ಕೆಟ್ಟಿತು. ಕ್ಯಾಮರಾದ ಎದುರು ಕಲಿತವರ ಕೈ ಕೆಡಲಿಲ್ಲ. ನಮ್ಮ ಮೂರನೆಯ ಓಟಗಾರನ ಕೊರತೆ ಇಲ್ಲಿ ಸ್ಪಷ್ಟವಾಗುತ್ತದೆ. ಅವನಿಗೆ ನಾವು ಕೋಲು ಹಿಡಿಯುವುದನ್ನು ಕಲಿಸಿದ್ದೆವು. ಸಾವಿರ ಕಣ್ಣುಗಳ ನಡುವೆ ಕೋಲು ಹಿಡಿಯುವುದನ್ನು ಕಲಿಸಿರಲಿಲ್ಲ. ಕಲಿಸದ ಪಾಠದಲ್ಲಿ ತಪ್ಪಿದವನಿಗೆ ಶಿಕ್ಷೆಯಾಯಿತು.

ಉಪಾಧ್ಯಾಯನ ಒಂದು ಮಾತು ಏನು ಮಾಡಬಲ್ಲುದೆಂಬುದಕ್ಕೆ ನಿದರ್ಶನ ಹತ್ತಿರದಲ್ಲಿಯೇ ಇದೆ. ೧೯೬೫ರವರೆಗೆ ನಮ್ಮ ಸೀಮೆಯೂ ಸೇರಿದ್ದ ಸೇಲಂ ಜಿಲ್ಲೆಯಲ್ಲಿ ಹುಟ್ಟಿದ ಮಾರಿಯಪ್ಪನ್ ತಂಗವೇಲು ಐದನೆಯ ವಯಸ್ಸಿನಲ್ಲಿ ಬಸ್ಸಿನ ಅಪಘಾತದಿಂದ ಬಲಗಾಲಿಗೆ ಶಾಶ್ವತವಾದ ಊನ ಹೊಂದಿದರು. ಶಾಲೆಯ ವ್ಯಾಯಾಮ ಶಿಕ್ಷಕರು ಅವರನ್ನು ಎತ್ತರ ಜಿಗಿತಕ್ಕೆ ಪ್ರೋತ್ಸಾಹಿಸಿದರು. ಮುಂದೆ ಬೆಂಗಳೂರಿನಲ್ಲಿ ತರಬೇತಿ ದೊರೆಯಿತು. ೨೦೧೬ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು ೧.೮೯ ಮೀಟರು ಜಿಗಿದು ಚಿನ್ನದ ಪದಕವನ್ನು ಪಡೆದರು. ಒಬ್ಬ ಶಿಕ್ಷಕರ ಮಾತು ಕಾಲು ಊನವಾದ ಮಗುವನ್ನು ಬಯಲಿಗೆ ಕರೆತಂದಿತು. ನಮ್ಮ ಮಾತು ಕಾಲು ಗಟ್ಟಿಯಿದ್ದ ಮಗುವನ್ನು ಬಯಲಿನಿಂದ ಹೊರಗಟ್ಟಿತು.

ಮರುವರ್ಷ ಕ್ರಮವನ್ನು ಬದಲಿಸಿದೆವು. ದಿನಕ್ಕೊಂದು ಸಾಲಿನಲ್ಲಿ ಓಡಿಸಿದೆವು. ಕೆಲವು ದಿನ ಕೋಲನ್ನು ನೀರಿನಲ್ಲಿ ಅದ್ದಿ ಕೊಟ್ಟೆವು. ಶುಕ್ರವಾರಗಳಂದು ಶಾಲೆಯ ಮಕ್ಕಳೆಲ್ಲರನ್ನೂ ಬಯಲಿನ ಸುತ್ತ ನಿಲ್ಲಿಸಿ, ಬೇಕಾದಷ್ಟು ಕೂಗಿರೆಂದೆವು. ತಮಿಳು ಬಲ್ಲ ಸಹೋದ್ಯೋಗಿಯೊಬ್ಬರು ಧ್ವನಿವರ್ಧಕದಲ್ಲಿ ಪ್ರಕಟಣೆ ಮಾಡಿದರು. ಸ್ಪರ್ಧೆಯ ದಿನ ಓಟಗಾರರಿಗೆ ಒಂದೇ ಸೂಚನೆ ಕೊಟ್ಟೆವು: “ಕೋಲನ್ನು ನೋಡಬೇಡಿರಿ, ಕರೆಯನ್ನು ಕೇಳಿರಿ.” ಕೋಲು ಬೀಳಲಿಲ್ಲ. ಬಹುಮಾನವೂ ಬರಲಿಲ್ಲ; ತಂಡವು ನಾಲ್ಕನೆಯದಾಗಿ ಬಂದಿತು. ಆದರೆ ಆ ನಾಲ್ವರೂ ಮಾರನೆಯ ದಿನ ಬೆಳಗ್ಗೆ ಬಯಲಿನಲ್ಲಿದ್ದರು.

ಮೊದಲಿನ ಆ ಬಾಲಕನು ಅವರಲ್ಲಿರಲಿಲ್ಲ. ಅವನು ಹತ್ತನೆಯ ತರಗತಿ ಮುಗಿಸಿ ಶಾಲೆ ಬಿಟ್ಟಿದ್ದನು. ಅವನ ಮನೆಗೆ ಹೋಗಿ, ತಪ್ಪು ನಮ್ಮದೆಂದು ಅವನ ತಂದೆಯ ಎದುರಿಗೆ ಹೇಳಿ ಬಂದೆವು. ಹೇಳುವುದಕ್ಕೆ ಒಂದು ವರ್ಷ ತಡವಾಗಿತ್ತು.

ಸಂಘದ ಸದಸ್ಯರಲ್ಲಿಯೂ ಮಾತಾಪಿತೃಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಬೂಟುಗಳಿಗೂ ಚೆಂಡುಗಳಿಗೂ ತಾವು ಕೊಡುವ ಧನಕ್ಕೆ ನಾವು ಕೃತಜ್ಞರು. ಅದರೊಡನೆ, ಅಭ್ಯಾಸದ ದಿನಗಳಲ್ಲಿ ಒಂದು ಬೆಳಗ್ಗೆಯಾದರೂ ಬಂದು ಬಯಲಿನ ಅಂಚಿನಲ್ಲಿ ನಿಲ್ಲಿರಿ. ಗೆದ್ದವನನ್ನು ಕಂಡಂತೆ ಕೋಲು ಬೀಳಿಸಿದವನನ್ನೂ ಕಂಡು, ಎತ್ತಿಕೊಂಡು ಓಡೆಂದು ಹೇಳಿರಿ. ಜನರೆದುರು ತಪ್ಪಿ, ಜನರೆದುರೇ ತಿದ್ದಿಕೊಂಡ ಮಗು ಮುಂದೆ ಯಾವ ಮೈದಾನದಲ್ಲಿಯೂ, ಯಾವ ಪರೀಕ್ಷಾಮಂದಿರದಲ್ಲಿಯೂ ಕೈ ನಡುಗದೆ ನಿಲ್ಲುವುದೆಂದು ನಮ್ಮ ನಂಬಿಕೆ.